“ಆ ಭಾಷೆ ಓದಿ ಏನು ಮಾಡ್ತಾಳೆ, ಮೇಡಂ?”

ಆಪ್ತಸಲಹೆಗಾರ್ತಿಯಾದ ನನಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡ ಎಂ.ಎ. ಮಾಡ್ತೀನಿ ಅಂದ ಹುಡುಗನ ತಂದೆ ಕೇಳಿದ್ದರು. ಸಂಸ್ಕೃತ ಓದ್ತೀನಿ ಅಂದ ಹುಡುಗಿಯ ಅಜ್ಜ ಕೇಳಿದ್ದರು. ಈ ಸಲ ಕೇಳಿದ್ದು ಪೋಲೆಂಡಿನಲ್ಲಿರುವ ಕನ್ನಡದ ಮನೆಯವರು, ಭಾಷೆ ಪೋಲಿಷ್. ವರ್ಷಕ್ಕೆ ಎರಡು ಮೂರು ಸಲ ಎದುರಾಗುವ ಪ್ರಶ್ನೆ ಇದು, ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಮತ್ತು ಕೆಲವು ವಿವರ ಬದಲಾಯಿಸಿದ್ದೇನೆ. ಹುಡುಗಿಯನ್ನು ಚೈತ್ರಾ ಅಂತ ಕರೆಯೋಣ. ಅವಳ ನಿಜವಾದ ಹೆಸರೂ ‘ರಾ’ ಅಂತಲೇ ಮುಗಿಯುತ್ತದೆ. ಅದು ಮುಂದೆ ಬೇಕಾಗುತ್ತದೆ.

ತಂದೆ ಹಾಸನದ ಕಡೆಯವರು, ಸಾಫ್ಟ್‌ವೇರ್ ಕೆಲಸ. ಚೈತ್ರಾಗೆ ಎಂಟು ವರ್ಷ ಇದ್ದಾಗ ಪೋಲೆಂಡಿಗೆ ಹೋದರು. ಅಲ್ಲಿನ ಮಾಮೂಲಿ ಶಾಲೆಗೇ ಸೇರಿಸಿದರು. ನನ್ನನ್ನು ಸಂಪರ್ಕಿಸಿದಾಗ ಅವಳಿಗೆ ಹದಿನೆಂಟು. ಮಾತುರಾ ಪರೀಕ್ಷೆ ಹತ್ತಿರದಲ್ಲಿತ್ತು, ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ. ಅಪ್ಪನಿಗೆ ಮಗಳು ಕಂಪ್ಯೂಟರ್ ಸೈನ್ಸ್ ತಗೋಬೇಕು. ಅವಳಿಗೆ ಬೇಕಾಗಿದ್ದು ಪೊಲೊನಿಸ್ತಿಕಾ. ಪೋಲಿಷ್ ಭಾಷೆ, ಸಾಹಿತ್ಯ ಎರಡನ್ನೂ ಓದುವ ಪದವಿಗೆ ಅಲ್ಲಿ ಹಾಗೆ ಹೇಳುತ್ತಾರೆ. ಅದರಲ್ಲೂ ಅವಳ ಕಣ್ಣು ಭಾಷಾವಿಜ್ಞಾನದ ಮೇಲೆ. ಎರಡು ತಿಂಗಳಿಂದ ಊಟದ ಹೊತ್ತಿನಲ್ಲಿ ಅಪ್ಪ ಮಗಳಿಗೆ ಮಾತಿರಲಿಲ್ಲ. ಫೋನ್ ಮಾಡಿದ್ದು ತಾಯಿ.

ಮೊದಲ ಎರಡು ಭೇಟಿ ಆನ್‌ಲೈನಿನಲ್ಲಿ ಸುಮ್ನೆ ವಾದದಲ್ಲೇ ಕಳೆದವು. ಮೂರನೆಯದರಲ್ಲಿ ಒಂದು ತಪ್ಪು ತಿಳಿವಳಿಕೆ ಹೊರಬಂತು. ಮಗಳು ಆಗಲೇ ಚೆನ್ನಾಗಿ ಮಾತಾಡುವ ಭಾಷೆಯನ್ನು ಮತ್ತೆ ಮೂರು ವರ್ಷ ಕಲಿಯೋಕೆ ಹೋಗ್ತಾಳೆ ಅಂತ ತಂದೆ ನಂಬಿದ್ದರು. ಹಾಗಲ್ಲ. ಕನ್ನಡ ಎಂ.ಎ. ಅಂದರೆ ಕಾಗುಣಿತ ಕಲಿಸೋದಲ್ಲ, ಕೇಶಿರಾಜನ ವ್ಯಾಕರಣದ ಜೊತೆ ಗುದ್ದಾಡೋದು, ಅಲ್ವಾ? ಇದೂ ಹಾಗೇ. ವರ್ಣನಾತ್ಮಕ ವ್ಯಾಕರಣ, ಚಾರಿತ್ರಿಕ ವ್ಯಾಕರಣ, ಪೋಲಿಷ್ ಕೂಡ ಸೇರಿರುವ ಸ್ಲಾವ್ ಭಾಷೆಗಳಲ್ಲಿ ಮೊದಲು ಬರವಣಿಗೆಗೆ ಬಂದ ಹಳೇ ಚರ್ಚ್ ಸ್ಲಾವಿಕ್ ಭಾಷೆ, ಹಳೆಯ ಕಾವ್ಯ, ಎಲ್ಲ ಇರುತ್ತದೆ. ಪಾಠ ನಡೆಯೋದೂ ಪೋಲಿಷಿನಲ್ಲೇ.

ನಾಲ್ಕನೇ ಭೇಟಿ. ನನಗೆ ರಾತ್ರಿ ಒಂಬತ್ತು, ಅವರಿಗೆ ಸಂಜೆ ನಾಲ್ಕೂವರೆ. ಹೊರಗೆ ಕತ್ತಲಾಗಿತ್ತು, ಚಳಿಗಾಲದಲ್ಲಿ ಅಲ್ಲಿ ಬೇಗ ಕತ್ತಲಾಗುತ್ತದೆ. ತಂದೆ ಸ್ವಲ್ಪ ಜೋರಾಗೇ ಹೇಳಿದರು: “ಅವರ ಭಾಷೇನ ಅವರ ಮಕ್ಕಳು ಓದ್ಲಿ. ನಿಂಗ್ಯಾಕೆ?”

ಚೈತ್ರಾ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಅಪ್ಪಾ, ಇಲ್ಲಿ ಹೆಸರಿಗೂ ವಿಭಕ್ತಿ ಹತ್ತುತ್ತೆ. ಹೊರಗಿನವರ ಹೆಸರನ್ನ ಹೇಗೆ ಬದಲಾಯಿಸೋದು ಅಂತ ಗೊತ್ತಾಗದೇ ಇದ್ರೆ ಹಾಗೇ ಬಿಟ್ಟುಬಿಡ್ತಾರೆ. ನನ್ನ ಹೆಸರನ್ನೂ ಒಂದು ವರ್ಷ ಹಾಗೇ ಬಿಟ್ಟಿದ್ರು. ಚೈತ್ರಾ, ಚೈತ್ರಾ, ಚೈತ್ರಾ, ಎಲ್ಲಾ ಕಡೆ ಚೈತ್ರಾ. ಮೂರನೇ ಕ್ಲಾಸಲ್ಲಿ ಒಂದಿನ ಟೀಚರ್ ‘ಚೈತ್ಶೆಗೆ ಪುಸ್ತಕ ಕೊಡಿ’ ಅಂದ್ರು. ರಾ ಹೋಗಿ ಶೆ ಬಂತು, ಅವರ ಅಕ್ಕತಂಗಿ ಅನ್ನೋ ಪದಕ್ಕೆ ಆಗೋ ಹಾಗೇ. ಅವತ್ತು ನಾನು ಈ ಕ್ಲಾಸಿನವಳು ಅನ್ನಿಸ್ತು.”

ಅಷ್ಟು ಹೇಳಿ ಪಟಪಟ ಅಂತ ತನ್ನ ಹೆಸರಿನ ಏಳೂ ರೂಪ ಒಪ್ಪಿಸಿದಳು. ಚೈತ್ರಾ, ಚೈತ್ರಿ, ಚೈತ್ಶೆ, ಚೈತ್ರೆ, ಚೈತ್ರೋಂ, ಮತ್ತೆ ಚೈತ್ಶೆ, ಕೊನೆಗೆ ಕರೆಯುವಾಗ ಚೈತ್ರೋ!

ತಂದೆ ಏನಾದರೂ ಗದರುತ್ತಾರೆ ಅಂದುಕೊಂಡೆ. ಅವರು ಪರದೆಯ ಕಡೆ ನೋಡದೆ ಮೆಲ್ಲಗೆ ಶುರು ಮಾಡಿದರು: “ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ...” ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ನಮ್ಮ ಕಾಲದ ಎಲ್ಲರ ನಾಲಿಗೆ ಮೇಲೂ ಇದೆ.

ಚೈತ್ರಾ ಅರ್ಧದಲ್ಲೇ ತಡೆದಳು. “ದೆಸೆಯಿಂದ ಅಂತ ಯಾರು ಮಾತಾಡ್ತಾರೆ ಅಪ್ಪಾ? ನೀನು ಯಾವತ್ತೂ ಅಂದಿಲ್ಲ. ‘ಮರದಿಂದ ಬಿದ್ದ’ ಅಂತೀಯ, ‘ಚಾಕುವಿನಿಂದ ಹೆಚ್ಚಿದ’ ಅಂತೀಯ, ಎರಡಕ್ಕೂ ಇಂದ. ಮತ್ತೆ ಅದನ್ನ ಬೇರೆ ವಿಭಕ್ತಿ ಅಂತ ಯಾಕೆ ಎಣಿಸ್ತೀರ?”

“ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ರು.”

“ಯಾಕೆ ಅಂತ ಕೇಳ್ಲಿಲ್ವಾ? ನಾನು ಓದೋಕೆ ಹೋಗ್ತಿರೋದೇ ಇದನ್ನ.”

ಕನ್ನಡ ಓದಲು ಬಾರದ ಹುಡುಗಿ, ಕನ್ನಡ ವ್ಯಾಕರಣದಲ್ಲಿ ವಿದ್ವಾಂಸರು ನಿಜವಾಗಿಯೂ ಚರ್ಚೆ ಮಾಡಿರುವ ಜಾಗಕ್ಕೇ ನೇರವಾಗಿ ಕೈ ಇಟ್ಟಿದ್ದಳು. ಸಂಸ್ಕೃತದ ಏಳು ವಿಭಕ್ತಿಯ ಲೆಕ್ಕಕ್ಕೆ ಹೊಂದಿಸಲು ಹೋಗಿ ಕನ್ನಡಕ್ಕೆ ಆ ಪಂಚಮಿ ಬಂದು ಕೂತಿದೆ ಅಂತ ಹೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನ ಮಾತನ್ನು ಕಿವಿಗೊಟ್ಟು ಕೇಳಿ ತಾನೇ ಕಂಡುಕೊಂಡಿದ್ದಳು. ಆ ಗಳಿಗೆಯಲ್ಲಿ ನನ್ನ ಮನಸ್ಸು ಗಟ್ಟಿಯಾಯಿತು.

ನಾನು ಕೊಟ್ಟ ಸಲಹೆ ನೇರವಾಗಿತ್ತು: ಸೇರಲಿ. ಆಪ್ತಸಲಹೆಗಾರರು ಹೀಗೆ ಇದನ್ನೇ ಓದು ಅಂತ ಹೇಳಬಾರದು, ಪ್ರಶ್ನೆ ಕೇಳಿ ಅವರೇ ತೀರ್ಮಾನಿಸುವ ಹಾಗೆ ಮಾಡಬೇಕು ಅಂತ ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಬೇಸರ ಮಾಡಿಕೊಂಡರು. ಸಾಮಾನ್ಯವಾಗಿ ನಾನೂ ಹಾಗೇ ಮಾಡುತ್ತೇನೆ. ಆದರೆ ಇಲ್ಲಿ ಹುಡುಗಿ ಆಗಲೇ ತೀರ್ಮಾನಿಸಿದ್ದಳು. ಅಪ್ಪನಿಗೆ ಬೇಕಾಗಿದ್ದದ್ದು ಮನೆಯ ಹೊರಗಿನವರು ಯಾರಾದರೂ ಧೈರ್ಯವಾಗಿ ಹೂಂ ಅನ್ನೋದು. ಅದನ್ನು ಹೇಳದೆ ನುಣುಚಿಕೊಂಡಿದ್ದರೆ ನಾನು ಅಲ್ಲಿ ಯಾಕೆ ಕೂತಿರಬೇಕಿತ್ತು?

ಭಾಷೆ ಓದ್ತೀನಿ ಅಂದವರಿಗೆಲ್ಲ ನಾನು ಹೂಂ ಅನ್ನುವುದಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಇಲ್ಲಿಂದ ಒಬ್ಬ ಹುಡುಗ ಕೇಳಿದ್ದ, ಆರು ತಿಂಗಳ ಕೋರ್ಸ್ ಮಾಡಿ ಅಲ್ಲೇ ಪೊಲೊನಿಸ್ತಿಕಾಗೆ ಸೇರ್ತೀನಿ, ಹೇಗೋ ಯೂರೋಪಿನಲ್ಲಿ ಉಳ್ಕೋಬಹುದು ಅಂತ. ಬೇಡ ಅಂದಿದ್ದೆ. ಅವನಿಗೆ ಬೇಕಿದ್ದದ್ದು ವೀಸಾ, ಭಾಷೆ ಅಲ್ಲ. ಒಂದು ಪ್ರತ್ಯಯದ ಹಿಂದೆ ಅರ್ಧ ಗಂಟೆ ಓಡಾಡಿದರೂ ಬೇಜಾರಾಗದವರಿಗೆ ಮಾತ್ರ ಈ ಓದು ಒಗ್ಗುತ್ತದೆ.

ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಅಪ್ಪನ ಸಂಬಳ ಇದರಲ್ಲಿ ಸಿಗೋದು ಕಷ್ಟ. ಶಾಲೆಯಲ್ಲಿ ಪಾಠ ಮಾಡಬೇಕು ಅಂದರೆ ಮೂರು ವರ್ಷದ ಪದವಿ ಸಾಲದು, ಇನ್ನೆರಡು ವರ್ಷದ ಮಾಸ್ಟರ್ಸ್ ಬೇಕು, ಶಿಕ್ಷಕರ ತರಬೇತಿಯೂ ಬೇಕು. ಆದರೆ ಹೊರಗಿನಿಂದ ಬಂದವರಿಗೆ ಪೋಲಿಷ್ ಕಲಿಸುವ ಕೆಲಸ ಬೇರೆಯೇ ಒಂದು ದಾರಿ. 2022ರಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನಿನಿಂದಲೇ ಲಕ್ಷಾಂತರ ಜನ ಅಲ್ಲಿಗೆ ಬಂದರು. ಹೊರಗಿನವಳಾಗಿ ಬಂದು ಈ ಭಾಷೆ ಕಲಿತ ಚೈತ್ರಾಗಿಂತ ಅವರ ಕಷ್ಟ ಯಾರಿಗೆ ಜಾಸ್ತಿ ಗೊತ್ತು? ಪದವಿ ಆದ ಮೇಲೆ ಮಾಸ್ಟರ್ಸ್‌ಗೆ ವಿಷಯ ಬದಲಾಯಿಸುವ ಅವಕಾಶವೂ ಇದೆ, ಬಾಗಿಲು ಮುಚ್ಚಿಹೋಗುವುದಿಲ್ಲ ಅಂತಲೂ ಹೇಳಿದೆ.

“ಇದರಲ್ಲಿ ಸೈನ್ಸ್ ಎಲ್ಲಿದೆ?” ಅಂತ ತಂದೆ ಇನ್ನೊಮ್ಮೆ ಕೇಳಿದರು. ಧ್ವನಿಮಾ, ಅಂದರೆ ಪದದ ಅರ್ಥವನ್ನೇ ಬದಲಾಯಿಸಬಲ್ಲ ಅತಿ ಚಿಕ್ಕ ಧ್ವನಿ, ಅನ್ನುವ ಕಲ್ಪನೆಗೆ ಮೊದಲು ಗಟ್ಟಿ ರೂಪ ಕೊಟ್ಟವರಲ್ಲಿ ಪೋಲಿಷ್ ವಿದ್ವಾಂಸರಾದ ಬೊದುಯೆನ್ ದ ಕುರ್ತೆನೆ ಮತ್ತು ಕ್ರುಶೆವ್ಸ್ಕಿ ಇದ್ದಾರೆ, ಓದಿ ನೋಡಿ ಅಂದೆ. ಓದಿದರು. ಎಂಜಿನಿಯರ್ ತಲೆಗೆ ಅದು ಹಿಡಿಸಿತು.

ಚೈತ್ರಾಗೆ ಒಂದು ಕೆಲಸ ಕೊಟ್ಟೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ, ಅಪ್ಪನ ಹತ್ತಿರ ಕನ್ನಡ ಓದಲು ಕಲಿಯಬೇಕು. ಅದು ಮನೆಯಲ್ಲಿ ಮಾತು ಮತ್ತೆ ಶುರುವಾಗಲಿ ಅಂತ, ಪೋಲಿಷ್ ಓದೋದಕ್ಕೆ ಕಟ್ಟಬೇಕಾದ ದಂಡ ಅಲ್ಲ ಅಂತ ಇಬ್ಬರಿಗೂ ಬಿಡಿಸಿ ಹೇಳಿದೆ.

ಅವಳು ಸೇರಿದಳು. ಈಗ ಎರಡನೇ ವರ್ಷ. ಚಾರಿತ್ರಿಕ ವ್ಯಾಕರಣ ಕಷ್ಟ ಆಗ್ತಿದೆ ಅಂತ ಬರೆದಿದ್ದಾಳೆ, ಕನ್ನಡದಲ್ಲೇ, ಒತ್ತಕ್ಷರ ಅಲ್ಲಲ್ಲಿ ತಪ್ಪಿದೆ. ನನಗೆ ಕೊರೆಯುತ್ತಿರುವುದು ಬೇರೆ. ಹೋದ ತಿಂಗಳು ತಂದೆ ಫೋನ್ ಮಾಡಿದ್ದರು. ಹಾಸನದಲ್ಲಿ ತಂಗಿಯ ಮಗನ ಮದುವೆ. “ಮಗಳು ಏನು ಓದ್ತಿದ್ದಾಳೆ ಅಂತ ಎಲ್ಲರೂ ಕೇಳ್ತಾರೆ, ಐಟಿಗೆ ಸಂಬಂಧಪಟ್ಟಿದ್ದು ಅಂದುಬಿಡ್ಲಾ ಮೇಡಂ?”

ಬೇಡ, ಅವಳೂ ಅಲ್ಲೇ ನಿಂತಿರ್ತಾಳೆ, ಈಗ ಅವಳಿಗೆ ಹಾಸನದ ಕನ್ನಡ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ ಅಂದೆ. ಮದುವೆ ಬರುವ ವಾರ.