ಓದುಗರ ಪ್ರಶ್ನೆ: ಕೋಲಾರ ಸೀಮೆಯ ಸಣ್ಣ ರೈಲು ಸೋತದ್ದೆಲ್ಲಿ?

ಪ್ರಶ್ನೆ: ನಮ್ಮೂರಲ್ಲಿ ರೈಲಿದ್ದರೂ ಹಿರಿಯರ ಕಾಲದಲ್ಲೇ ಮಂಡಿ ಸರಕೆಲ್ಲ ಲಾರಿ ಹತ್ತಿತಂತೆ. ಸಣ್ಣ ರೈಲು ನಿಧಾನ ಅನ್ನೋದೇ ಕಾರಣವೇ?
– ಓದುಗರು, ಚಿಂತಾಮಣಿ

ಉತ್ತರ: ನಿಧಾನ ಅನ್ನುವುದು ಅರ್ಧ ಕಾರಣ. ದೊಡ್ಡ ಪೆಟ್ಟು ಬಿದ್ದದ್ದು ಬಂಗಾರಪೇಟೆಯಲ್ಲಿ. 1913ರಲ್ಲಿ ಬಂಗಾರಪೇಟೆ–ಕೋಲಾರ, 1915ರಲ್ಲಿ ಯಲಹಂಕ–ಚಿಕ್ಕಬಳ್ಳಾಪುರ, ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ನಡುಭಾಗ ಸೇರಿ ಆದ ಈ ದಾರಿಯಲ್ಲಿ ಹಳಿಗಳ ಅಂತರ 762 ಮಿ.ಮೀ. ಬಂಗಾರಪೇಟೆ ಮೇಲೆ ಹಾಯುವ ಮದರಾಸು ದಾರಿಯದ್ದು 1,676, ಅಂದರೆ ಬ್ರಾಡ್‌ಗೇಜ್. ಒಂದರ ಗಾಡಿ ಇನ್ನೊಂದರ ಮೇಲೆ ಓಡದು, ಹಾಗಾಗಿ ಮಾಲನ್ನು ಅಲ್ಲಿ ಇಳಿಸಿ ಬದಲಿಸಲೇಬೇಕು. ಅಂತರ ಕಡಿಮೆಯಾದರೆ ಹಳಿ ಹಗುರ ಸಾಕು, ತಿರುವು ಬಿಗಿಯಾಗಿದ್ದರೂ ನಡೆಯುತ್ತದೆ, ಗುಡ್ಡ ಕಡಿಯದೆ ಬಳಸಿ ಹೋಗಬಹುದು. ಕಟ್ಟುವಾಗ ಹೀಗೆ ಉಳಿಸಿದ ದುಡ್ಡನ್ನು ಮುಂದೆ ಮೂಟೆ ಮೂಟೆಯ ಮೇಲೂ ತೆರಬೇಕಾಯಿತು.

ಲೆಕ್ಕ ಹಾಕಿ ನೋಡಿ. ಹಳೆಯ ನಾಲ್ಕು ಗಾಲಿಯ ಬ್ರಾಡ್‌ಗೇಜ್ ವ್ಯಾಗನ್ ಸುಮಾರು 22 ಟನ್ ಹಿಡಿಯುತ್ತಿತ್ತು; ಕ್ವಿಂಟಲ್ ಮೂಟೆಯಾದರೆ 220. ಚಿಂತಾಮಣಿಯಿಂದ ಮದರಾಸಿಗೆ ಹೋಗುವ ಒಂದೊಂದು ಮೂಟೆಗೂ ಹಮಾಲಿಯ ಕೈ ನಾಲ್ಕು ಸಲ ಬೀಳಬೇಕು: ಊರಲ್ಲಿ ತುಂಬಲು, ಬಂಗಾರಪೇಟೆಯಲ್ಲಿ ಇಳಿಸಲು, ಮತ್ತೆ ಹತ್ತಿಸಲು, ಮದರಾಸಿನಲ್ಲಿ ಇಳಿಸಲು. ಲಾರಿಗೆ ಎರಡೇ ಸಲ. ಕೊಕ್ಕೆ ತಗುಲಿ ಗೋಣಿ ಹರಿದರೆ ತೂಕ ಕಮ್ಮಿ, ಎಣಿಕೆಯಲ್ಲಿ ತಕರಾರು, ಕ್ಲೇಮಿಗೆ ಓಡಾಟ. ದೊಡ್ಡ ವ್ಯಾಗನ್ ಸಿಗದ ದಿನ ಮಾಲು ಗೂಡ್ಸ್ ಶೆಡ್ಡಿನಲ್ಲೇ ಕೂರಬೇಕು. ಮಳೆಗಾಲದಲ್ಲಿ ಹಾಗೆ ಕೂತ ಬೆಲ್ಲ ನೀರೊಡೆಯದೆ ಇರುತ್ತದೆಯೇ?

ಪ್ರಶ್ನೆ: ಈಗ ಬ್ರಾಡ್‌ಗೇಜ್ ಬಂದಿದೆ. ನಮ್ಮ ಟೊಮೆಟೊ ಯಾಕೆ ರೈಲು ಹತ್ತುತ್ತಿಲ್ಲ?
– ಓದುಗರು, ಕೋಲಾರ

ಉತ್ತರ: ಕೋಲಾರ–ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿಯ ಮೇಲೆ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಅಷ್ಟರಲ್ಲಿ ರೈಲ್ವೆಯ ಪದ್ಧತಿಯೇ ಬದಲಾಗಿತ್ತು. ಬಿಡಿ ವ್ಯಾಗನ್ ಬುಕಿಂಗನ್ನು 1980ರ ದಶಕದಿಂದಲೇ ಕಡಿಮೆ ಮಾಡುತ್ತ ಬಂದು, ಪೂರ್ತಿ ರೇಕಿಗೆ, ಅಂದರೆ ಒಟ್ಟಿಗೆ ಓಡುವ ಇಡೀ ಗಾಡಿಯ ವ್ಯಾಗನ್ ಸಾಲಿಗೆ, ಒತ್ತು ಕೊಟ್ಟರು. 42 ಮುಚ್ಚಿದ ವ್ಯಾಗನ್ನುಗಳ ರೇಕೆಂದರೆ 2,500 ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿಯಾದರೆ 250. ಗೊಬ್ಬರ, ಸಿಮೆಂಟು, ರೇಷನ್ ಅಕ್ಕಿಗೆ ಇದು ಸರಿ. ಒಂದೇ ದಿನ ಹತ್ತಾರು ಊರಿಗೆ ಹರಿದು ಹಂಚಿ ಹೋಗುವ ಕ್ರೇಟುಗಳಿಗೆ ಸರಿಹೋಗದು.

ಪ್ರಶ್ನೆ: ಗಣಿ ಮುಚ್ಚಿದರೂ ಕೆಜಿಎಫ್ ರೈಲು ಹೇಗೆ ಉಳಿಯಿತು?
– ಓದುಗರು, ಮಾಲೂರು

ಉತ್ತರ: 1894ರ ಬಂಗಾರಪೇಟೆ–ಮಾರಿಕುಪ್ಪಂ ದಾರಿ ಮೊದಲಿನಿಂದಲೂ ಬ್ರಾಡ್‌ಗೇಜ್. ಯಂತ್ರ, ಮರ, ಕಲ್ಲಿದ್ದಲು ನಡುದಾರಿಯಲ್ಲಿ ಇಳಿಯದೆ ಗಣಿಯ ಬುಡಕ್ಕೇ ಬರುತ್ತಿದ್ದವು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂದ ಮೇಲೆ ಕಲ್ಲಿದ್ದಲಿನ ಅಗತ್ಯ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿಯೂ ನಿಂತಿತು. ಇವತ್ತು ಆ ದಾರಿ ಜೀವ ಹಿಡಿದಿರುವುದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರಿಂದ.

ಪ್ರಶ್ನೆ: ತೋಟದ ಬೇಲಿಯಲ್ಲಿರುವ ಹಳೆ ಮರದ ಸ್ಲೀಪರ್ ಯಾವ ರೈಲಿನದು ಅಂತ ಗೊತ್ತುಮಾಡುವುದು ಹೇಗೆ?
– ಓದುಗರು, ಶಿಡ್ಲಘಟ್ಟ

ಉತ್ತರ: ಸ್ಲೀಪರ್ ಅಂದರೆ ಹಳಿಯ ಕೆಳಗೆ ಅಡ್ಡ ಹಾಸುವ ತೊಲೆ; ಅದರ ಉದ್ದ ಅಳೆಯಿರಿ. ಸುಮಾರು 5 ಅಡಿ ಇದ್ದರೆ ಸಣ್ಣ ರೈಲು, 6 ಅಡಿ ಮೀಟರ್‌ಗೇಜ್ (ಹಳಿಗಳ ಅಂತರ ಒಂದು ಮೀಟರ್), 9 ಅಡಿ ಬ್ರಾಡ್‌ಗೇಜ್. ತುದಿ ಕೊಳೆತಿದ್ದರೆ ಮೊಳೆ ತೂತುಗಳನ್ನು ಹುಡುಕಿ. ಸಣ್ಣ ರೈಲಿನದಾದರೆ ಒಳಸಾಲಿನ ಎರಡು ತೂತುಗಳ ನಡುವೆ 762 ಮಿ.ಮೀ.ಗಿಂತ ತುಸು ಕಡಿಮೆ ಬರಬೇಕು, ಯಾಕೆಂದರೆ ಹಳಿಯ ಪಾದ ಅದರ ತಲೆಗಿಂತ ಅಗಲ.