ಭುಜದ ಕೀಲು ತಪ್ಪಿದೆಯೋ, ಬರೀ ಉಳುಕೋ?

ಆಟದಲ್ಲಿ ಕೈ ಚಾಚಿ ಬಿದ್ದ ತಮ್ಮನಿಗೆ ಭುಜ ತುಂಬಾ ನೋಯ್ತಿದೆ, ಕೀಲು ತಪ್ಪಿದೆ ಅಂತ ತಿಳಿಯೋದು ಹೇಗೆ, ಮನೆಯಲ್ಲೇ ಎಳೆದು ಕೂರಿಸಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಬೇಡ, ಖಂಡಿತ ಬೇಡ. ಜೊತೆಗೆ ಮೂಳೆಯೂ ಮುರಿದಿರಬಹುದು, ಎಕ್ಸ್-ರೇ ಇಲ್ಲದೆ ಅದು ಗೊತ್ತಾಗುವುದಿಲ್ಲ. ಎಳೆದಾಟದಲ್ಲಿ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು.

ಇನ್ನು ಗುರುತಿಸುವ ವಿಷಯ. ಎರಡೂ ಭುಜಗಳನ್ನು ಎದುರಿನಿಂದ ಹೋಲಿಸಿ ನೋಡಿ. ತೋಳಿನ ಮೂಳೆಯ ಗುಂಡು ತಲೆ ಹೆಚ್ಚಿನವರಲ್ಲಿ ಮುಂದಕ್ಕೆ ಜಾರುತ್ತದೆ. ಆಗ ಭುಜದ ದುಂಡಗಿನ ಆಕಾರ ಹೋಗಿ, ತುದಿಯ ಮೂಳೆ ಎದ್ದು, ಅದರ ಕೆಳಗೆ ತಗ್ಗು ಬಿದ್ದಂತೆ ಕಾಣುತ್ತದೆ. ಪೆಟ್ಟಾದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಇರುತ್ತಾರೆ, ಮುಟ್ಟಲೂ ಬಿಡುವುದಿಲ್ಲ. ಬರೀ ಉಳುಕಾದರೆ ನೋವಿದ್ದರೂ ಸಾಮಾನ್ಯವಾಗಿ ಅಷ್ಟಿಷ್ಟು ಆಡುತ್ತದೆ.

ಆದರೆ ಆಕಾರ ಸರಿಯಿದೆ ಅಂತ ಸುಮ್ನಾಗಬೇಡಿ. ಹಿಂದಕ್ಕೆ ಜಾರಿದ್ದರೆ ಹೊರಗೆ ಅಷ್ಟಾಗಿ ಕಾಣುವುದೇ ಇಲ್ಲ. ಇದು ಫಿಟ್ಸ್ ಬಂದಾಗ, ಕರೆಂಟ್ ಶಾಕ್ ಹೊಡೆದಾಗ ಆಗುವಂಥದ್ದು. ಕೈ ಒಳಕ್ಕೆ ತಿರುಗಿ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಹೊರಕ್ಕೆ ತಿರುಗಿಸಲು ಬರುವುದಿಲ್ಲ.

ಭುಜದ ಹೊರಬದಿ ಮೆಲ್ಲಗೆ ಮುಟ್ಟಿ, ಮರಗಟ್ಟಿದೆಯಾ ಕೇಳಿ. ಬೆರಳು ತಣ್ಣಗಾಗಿ ಬಿಳಿಚಿಕೊಂಡಿವೆಯಾ ನೋಡಿ. ಹೌದಾದರೆ ಒಂದು ನಿಮಿಷವೂ ತಡ ಮಾಡಬೇಡಿ.

ಆಸ್ಪತ್ರೆ ತಲುಪುವವರೆಗೆ ಕೈ ಹೇಗಿದೆಯೋ ಹಾಗೇ ಬಟ್ಟೆಯ ಜೋಲಿ ಕಟ್ಟಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಊಟ, ನೀರು ಸದ್ಯಕ್ಕೆ ಬೇಡ, ಕೂರಿಸುವಾಗ ಮಂಪರಿನ ಮದ್ದು ಕೊಡಬೇಕಾಗಬಹುದು. ದಾರಿಯಲ್ಲಿ ತಾನಾಗಿಯೇ ವಾಪಸ್ ಕೂತುಕೊಂಡರೂ ತೋರಿಸಿಯೇ ಬನ್ನಿ. ಚಿಕ್ಕ ವಯಸ್ಸಿನವರಲ್ಲಿ ಇದು ಮತ್ತೆ ಮತ್ತೆ ಜಾರುವುದು ಜಾಸ್ತಿ.