ಗುಡ್ಡ ಉಳಿಸೋಕೆ ಸರ್ಕಾರದ ದುಡ್ಡು ಸಿಗುತ್ತಾ?

ಪ್ರಶ್ನೆ: ಸರ್, ನಮ್ಮೂರು ಚಿತ್ರದುರ್ಗ ತಾಲ್ಲೂಕು. ಊರ ಪಕ್ಕದ ಗುಡ್ಡಕ್ಕೆ ಬೆಳಿಗ್ಗೆ ವಾಕಿಂಗ್ ಹೋಗುತ್ತೇವೆ, ದನ-ಕುರಿ ಮೇಯೋದೂ ಅಲ್ಲೇ. ಈಗ ಒಂದು ಮೂಲೆಯಲ್ಲಿ ಜೆಸಿಬಿ ಮಣ್ಣು ಎತ್ತುತ್ತಿದೆ. ಜೋಗಿಮಟ್ಟಿ ತರಹ ಇದನ್ನೂ ಉಳಿಸಿ, ನಡೆಯೋಕೆ ದಾರಿ ಮಾಡಿಸಬೇಕು. ದುಡ್ಡು ಯಾರನ್ನು ಕೇಳಬೇಕು?

ಉತ್ತರ: ದುಡ್ಡಿನ ಮಾತು ಆಮೇಲೆ, ಮೊದಲು ಪಹಣಿ ತೆಗೆಸಿ. ಅರಣ್ಯ ಅಂತಿದೆಯಾ, ಗೋಮಾಳ ಅಂತಿದೆಯಾ, ಇಲ್ಲ ಯಾರದೋ ಹೆಸರು ಕೂತಿದೆಯಾ ನೋಡಿ. ಜೋಗಿಮಟ್ಟಿ ಅರಣ್ಯ ಇಲಾಖೆಯದು, ವನ್ಯಜೀವಿ ಧಾಮ ಬೇರೆ, ಹಾಗಾಗಿ ಅಲ್ಲಿನ ಖರ್ಚು ಇಲಾಖೆಯೇ ನೋಡಿಕೊಳ್ಳುತ್ತದೆ.

ನಿಮ್ಮದು ಗೋಮಾಳವಾದರೆ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ತಹಶೀಲ್ದಾರ್ ಮೂಲಕ ಡಿಸಿಗೆ ಅರ್ಜಿ ಹಾಕಿ. ಭೂ ಕಂದಾಯ ಕಾಯ್ದೆ 1964ರ 71ನೇ ಸೆಕ್ಷನ್ ಪ್ರಕಾರ ಸರ್ಕಾರಿ ಜಮೀನನ್ನು ದನ ಮೇಯೋಕೆ, ಕಾಡಿಗೆ ಅಥವಾ ಸಾರ್ವಜನಿಕ ಉಪಯೋಗಕ್ಕೆ ಮೀಸಲಿಡಬಹುದು. ಇದಕ್ಕೆ ಅನುದಾನ ಬೇಕಿಲ್ಲ, ಬೆನ್ನು ಬೀಳುವ ನಾಲ್ಕು ಜನ ಬೇಕು ಅಷ್ಟೇ. ಜೆಸಿಬಿ ವಿಷಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಇವತ್ತೇ ಬರೆದುಕೊಡಿ, ಫೋಟೊ ಸಮೇತ.

ಇನ್ನು ದುಡ್ಡು. ಕ್ಯಾಂಪಾ ಅಂತ ಕೇಳಿರುತ್ತೀರಿ. ರಸ್ತೆಗೋ ಗಣಿಗೋ ಕಾಡು ಬಿಟ್ಟುಕೊಟ್ಟಾಗ ಕಟ್ಟಿಸಿಕೊಳ್ಳುವ ಹಣ ಅದು, 2016ರ ಕಾಯ್ದೆ ಪ್ರಕಾರ 90% ರಾಜ್ಯಕ್ಕೇ ಬರುತ್ತದೆ. ಆದರೆ ಅದು ಗಿಡ ಬೆಳೆಸೋಕೆ, ಕಾಡು ಕಾಯೋಕೆ. ಬೆಂಚು, ಟೈಲ್ಸ್ ಅಂತ ಹೋದರೆ ಆಗಲ್ಲ ಅಂದುಬಿಡುತ್ತಾರೆ.

ನಿಮಗೆ ಹತ್ತಿರದ್ದು ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಗಣಿಯವರು ಕಟ್ಟುವ ಹಣದಲ್ಲಿ ಗಣಿಬಾಧಿತ ಊರುಗಳಿಗೆ ಕೆಲಸ ಮಾಡಿಸುವ ಸಂಸ್ಥೆ. ಭೀಮಸಮುದ್ರದ ಕಡೆ ಅದಿರು ತೆಗೆಯುತ್ತಾರಲ್ವಾ, ಆ ಗಣಿಯವರು ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಜೊತೆಗೆ ಇದಕ್ಕೂ ಕಟ್ಟಬೇಕು: 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಯಾದರೆ ರಾಜಧನದ 30%, ಆಮೇಲಿನದಾದರೆ 10%. ಕುಡಿಯುವ ನೀರು, ಆರೋಗ್ಯದ ಜೊತೆ ಪರಿಸರ ರಕ್ಷಣೆಯೂ ಅದರ ಆದ್ಯತೆಯ ಪಟ್ಟಿಯಲ್ಲಿದೆ. ನಿಮ್ಮೂರು ಗಣಿಬಾಧಿತ ಹಳ್ಳಿಗಳ ಪಟ್ಟಿಯಲ್ಲಿದೆಯಾ ಅಂತ ಮೊದಲು ವಿಚಾರಿಸಿ.

ಒಂದು ಕಿವಿಮಾತು, ಅರ್ಜಿಯಲ್ಲಿ ಪಾರ್ಕ್ ಅಂತ ಬರೀಬೇಡಿ. ಕಾಂಪೌಂಡು, ಗೇಟು, ಟಿಕೆಟ್ಟು ಬಂದು ಕೊನೆಗೆ ಕುರಿಯವರೇ ಹೊರಗಾಗುತ್ತಾರೆ. ಇಂಗುಗುಂಡಿ, ಕಲ್ಲಿನ ತಡೆ, ಹೊಂಗೆ-ಬೇವು ಅಂತ ಮಣ್ಣು-ನೀರಿನ ಕೆಲಸ ಕೇಳಿ. ನಡೆಯೋಕೆ ಕುರಿಗಳು ಮಾಡಿಟ್ಟ ಕಾಲುದಾರಿ ಇದ್ದೇ ಇದೆಯಲ್ಲ, ಅದಕ್ಕೆ ಸಿಮೆಂಟ್ ಯಾಕೆ ಸುಮ್ನೆ?